ಹದಿಮೂರು ಮನೆಗಳ ಪಾಸ್‌ವರ್ಡ್

ವಿದ್ಯಾರ್ಥಿನಿ ನಿಲಯ, ಹುಣಸೂರು
21 ಏಪ್ರಿಲ್ 2025

ಪ್ರೀತಿಯ ಸವಿತಾ,

ಕಾಡಿನೊಳಗಿನ ನಿಮ್ಮ ಹಾಡಿಗೆ ಈ ಪತ್ರ ಎಷ್ಟು ದಿನಕ್ಕೆ ತಲುಪುತ್ತದೋ ತಿಳಿಯದು. ಎಂಟು ದಿನ, ದಿನಕ್ಕೆ ಎರಡು ಸಲದಂತೆ ನಿನ್ನ ಫೋನಿಗೆ ಮಾಡಿದೆ. ವ್ಯಾಪ್ತಿಯ ಹೊರಗಿದ್ದಾರೆ ಎನ್ನುವ ಆ ಹೆಣ್ಣುದನಿ ಬಿಟ್ಟು ಬೇರೆ ಯಾರೂ ಸಿಗಲಿಲ್ಲ. ಕೊನೆಗೆ ನಿನ್ನ ಪ್ರವೇಶದ ಅರ್ಜಿ ತೆಗೆದು ವಿಳಾಸ ನೋಡಿಕೊಂಡೆ.

ಯುಗಾದಿಗೆ ಊರಿಗೆ ಹೋದ ಹುಡುಗಿಯರೆಲ್ಲ ನಾಲ್ಕು ದಿನಕ್ಕೆ ಹಿಂದಿರುಗಿದರು. ನೀನು ಬರಲಿಲ್ಲ. ಕೊನೆಯ ವರ್ಷ, ಕೊನೆಯ ಸೆಮಿಸ್ಟರ್. ಜೂನ್ ಹದಿನಾರಕ್ಕೆ ಪರೀಕ್ಷೆ ಶುರು. ನಿಮ್ಮ ಹಾಡಿಯಿಂದ ಬಿ.ಎ.ವರೆಗೆ ಬಂದ ಮೊದಲ ಹುಡುಗಿ ನೀನು ಎನ್ನುವುದನ್ನು ನಾನು ನಿನಗೆ ನೆನಪಿಸಬೇಕಾಗಿಲ್ಲ.

ಬಾರದಿರುವುದಕ್ಕೆ ಕಾರಣವೇನೆಂದು ಊಹಿಸಿದ್ದೇನೆ. ಮಾರ್ಚಿನಲ್ಲಿ ನಮ್ಮ ಹಾಸ್ಟೆಲಿನ ಅನ್ನದಲ್ಲಿದ್ದ ಹುಳುವಿನ ವಿಡಿಯೋ ಊರೆಲ್ಲ ಹರಿದಾಡಿತಲ್ಲ, ಅಂದಿನಿಂದ ಟ್ರಸ್ಟಿನ ಕಾರ್ಯದರ್ಶಿ ಕಂಠಪ್ಪನವರಿಗೆ ಸಮಾಧಾನವಿಲ್ಲ. ತೆಗೆದವರು ಯಾರೆಂದು ಹುಡುಕಲು ನಲವತ್ತೆರಡು ಹುಡುಗಿಯರ ಫೋನ್ ಖಾತೆಗಳ ಪಾಸ್‌ವರ್ಡ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ ಎಂದರು. ವಾರ್ಡನ್ ಆಗಿ ನಾನು ಬರೆಸಿಕೊಂಡೆ. ಎಲ್ಲರಿಗಿಂತ ಮೊದಲು ಬಂದು, ನಗುನಗುತ್ತ ಬರೆದುಕೊಟ್ಟವಳು ನೀನು. ಈಗ ನೋಡಿದರೆ ನಿನ್ನದೊಂದೇ ತೆರೆಯುತ್ತಿಲ್ಲ. ಊರಿಗೆ ಹೋದ ಮೇಲೆ ಬದಲಾಯಿಸಿದ್ದೀಯೆ.

ಕಂಠಪ್ಪನವರ ಮಾತನ್ನು ಹಾಗೆಯೇ ಬರೆಯುತ್ತೇನೆ. “ಬದ್ಲಾಯ್ಸವ್ಳೆ ಅಂದ್ಮೇಲೆ ಅವ್ಳೇ ಇರ್ಬೇಕು ಕಣ್ರೀ ಮೇಡಂ. ಹೊಸಾದು ಕೊಟ್ರೆ ಒಳಕ್ಕೆ ಬರ್ಲಿ. ಇಲ್ದಿದ್ರೆ ಆ ಸೀಟು ಬೇರೆಯೋರ್ಗೆ.”

ಸಂಜೆ ಆರಕ್ಕೆ ಕಾಡಿನ ಗೇಟು ಮುಚ್ಚುವ ದಾರಿಯಲ್ಲಿ ದಿನವೂ ಬಂದು ಹೋಗಿ ಪರೀಕ್ಷೆ ಬರೆಯಲು ಯಾರಿಂದಲೂ ಆಗದು. ಹಾಸ್ಟೆಲ್ ಇಲ್ಲವೆಂದರೆ ಪರೀಕ್ಷೆಯೂ ಇಲ್ಲ, ಸವಿತಾ. ಮೂರು ವರ್ಷದ ಓದು ಒಂದು ಪದಕ್ಕೆ ಹೋಗಬೇಕೆ? ಹೊಸ ಪಾಸ್‌ವರ್ಡನ್ನು ಉತ್ತರದಲ್ಲಿ ಬರೆದು ಕಳಿಸು. ಮುಚ್ಚಿದ ಲಕೋಟೆ, ನಾನು ನೀನು ಬಿಟ್ಟರೆ ಮೂರನೆಯವರು ನೋಡುವುದಿಲ್ಲ. ಕಂಠಪ್ಪನವರ ಎದುರಿಗೆ ನಾನೇ ಒಂದು ಸಲ ತೆರೆದು ತೋರಿಸಿ ಮುಗಿಸುತ್ತೇನೆ.

ಅಡುಗೆಯ ಸಣ್ಣತಾಯಮ್ಮ ನಿನ್ನನ್ನು ದಿನಾ ಕೇಳುತ್ತಾಳೆ.

ನಿನ್ನ
ಶಾಂಭವಿ ಮೇಡಂ


ನೆಲ್ಲಿಮಾಳ ಹಾಡಿ, ಹೆಗ್ಗಡದೇವನಕೋಟೆ ತಾಲ್ಲೂಕು
29 ಏಪ್ರಿಲ್ 2025

ಪೂಜ್ಯ ಶಾಂಭವಿ ಮೇಡಂ ಅವರಿಗೆ, ಸವಿತಾ ಮಾಡುವ ನಮಸ್ಕಾರ.

ನಿಮ್ಮ ಪತ್ರ ಬಂತು. ನನ್ನ ಹೆಸರಿಗೆ ಬಂದ ಮೊದಲ ಪತ್ರ ಅದು. ಅಪ್ಪ ಲಕೋಟೆಯನ್ನು ಗೋಡೆಯ ಬಿದಿರಿಗೆ ಸಿಕ್ಕಿಸಿಟ್ಟಿದ್ದಾರೆ.

ಅಜ್ಜಿಗೆ ಮಂಡಿನೋವು. ಅದಕ್ಕೇ ನಿಂತೆ.

ಹೋದ ವರ್ಷ ನನಗೆ ಕಾಮಾಲೆಯಾದಾಗ ನೀವು ಒಂಬತ್ತು ದಿನ ನಿಮ್ಮ ಕೋಣೆಯಲ್ಲಿ ಮಲಗಿಸಿಕೊಂಡು ಗಂಜಿ ಕುಡಿಸಿದಿರಿ. ಬೇಜಾರಾಗಬಾರದೆಂದು ಪದ್ಯಗಳನ್ನು ಓದಿ ಹೇಳಿದಿರಿ. ಅರ್ಧ ನನಗೆ ತಿಳಿಯಲಿಲ್ಲ, ಆದರೂ ನಿಮ್ಮ ದನಿ ಕೇಳುತ್ತ ನಿದ್ದೆ ಬರುತ್ತಿತ್ತು. ಇದನ್ನು ನಮ್ಮ ಹಾಡಿಯಲ್ಲಿ ಎಲ್ಲರೂ ಬಲ್ಲರು. ನಿಮಗೆ ಇಲ್ಲ ಎನ್ನುವುದು ನನಗೆ ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

ಆದರೆ ಮೇಡಂ, ಆ ಖಾತೆ ನನ್ನೊಬ್ಬಳದಲ್ಲ. ಇನ್ನೊಬ್ಬರದೂ ಸೇರಿರುವುದನ್ನು ನಾನೊಬ್ಬಳೇ ಕೊಡಲು ಬರುವುದಿಲ್ಲ. ಮೊದಲ ಸಲ ಯೋಚಿಸದೆ ಕೊಟ್ಟದ್ದು ನನ್ನ ತಪ್ಪು.

ವಿಡಿಯೋ ತೆಗೆದದ್ದು ನಾನಲ್ಲ.

ದಿನಾ ಓದುತ್ತಿದ್ದೇನೆ. ಪರೀಕ್ಷೆ ಬರೆಯಲೇಬೇಕು. ನನ್ನ ಸೀಟು ಬೇರೆಯವರಿಗೆ ಹೋಗದ ಹಾಗೆ ದಯವಿಟ್ಟು ನೋಡಿಕೊಳ್ಳಿ. ಇನ್ನೊಂದು ವಿಷಯ ಬರೆಯಬೇಕೆಂದು ಕೂತಿದ್ದೆ, ನಾಚಿಕೆಯಾಗಿ ಬಿಡುತ್ತಿದ್ದೇನೆ.

ನಿಮ್ಮ ವಿದ್ಯಾರ್ಥಿನಿ
ಸವಿತಾ


ಹುಣಸೂರು
6 ಮೇ 2025

ಪ್ರೀತಿಯ ಸವಿತಾ,

ನೀನು ನಾಚಿ ಬಿಟ್ಟ ವಿಷಯವನ್ನು ನಾನೇ ಎತ್ತಿಕೊಳ್ಳುತ್ತೇನೆ. ಅದಕ್ಕೂ ಮುಂಚೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ನೀನು ಯುಗಾದಿಗೆ ಹೊರಟೆಯಲ್ಲ, ಆ ಮಧ್ಯಾಹ್ನ ನೋಟ್‌ಬುಕ್ಕನ್ನು ಬೀರುವಿನಲ್ಲಿಡುವ ಮುಂಚೆ ನಿನ್ನ ಖಾತೆಯನ್ನು ತೆರೆದೆ. ವಿಡಿಯೋ ಹುಡುಕುವುದಕ್ಕಲ್ಲ. ಆ ವಾರ ನೀನು ತಟ್ಟೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದೆ. ಕಾಮಾಲೆ ಮರಳಿತೋ, ಮನಸ್ಸಿಗೇನಾದರೂ ತಗುಲಿತೋ ಎಂಬ ಕಳವಳ. ಕೇಳಬಹುದಿತ್ತು. ಕೇಳುವುದಕ್ಕಿಂತ ನೋಡುವುದು ಸುಲಭವಾಗಿತ್ತು.

ಕಂಡದ್ದು ಹನ್ನೊಂದು ಫೋಟೋ. ಹನ್ನೊಂದರಲ್ಲೂ ಒಬ್ಬನೇ ಹುಡುಗ. ಹಸಿರು ಚೌಕಳಿ ಅಂಗಿ, ಕೈಯಲ್ಲಿ ಜೇನಿನ ಡಬ್ಬಿ, ಹಿಂದೆ ನೀರಿನ ಟ್ಯಾಂಕು. ಹತ್ತರಲ್ಲಿ ನಗುತ್ತಿದ್ದಾನೆ, ಒಂದರಲ್ಲಿ ನಗಬೇಡವೆಂದು ಯಾರೋ ಹೇಳಿದ್ದಕ್ಕೆ ನಗು ತಡೆದಿದ್ದಾನೆ. ಒಂದೇ ನಗುವನ್ನು ಹತ್ತು ಸಲ ತೆಗೆಯುವವರು ಪ್ರೀತಿಸುವವರು ಮಾತ್ರ. ನೋಡಿದವಳೇ ಮುಚ್ಚಿದೆ. ಬೇರೇನನ್ನೂ ತೆರೆಯಲಿಲ್ಲ.

ಆ ಖಾತೆ ನನ್ನೊಬ್ಬಳದಲ್ಲ ಎಂದು ನೀನು ಬರೆದಾಗ ಎಲ್ಲವೂ ತಿಳಿಯಿತು. ನಿನಗೆ ಇಪ್ಪತ್ತು ವರ್ಷ. ಅದರಲ್ಲಿ ತಪ್ಪೇನೂ ಇಲ್ಲ. ನಿನ್ನ ತಂದೆ ಬೆಳ್ಳನವರಿಗಾಗಲಿ, ಕಂಠಪ್ಪನವರಿಗಾಗಲಿ ನಾನು ಒಂದು ಮಾತೂ ಹೇಳಿಲ್ಲ, ಹೇಳುವುದೂ ಇಲ್ಲ. ಈ ಗುಟ್ಟು ನಮ್ಮಿಬ್ಬರಲ್ಲೇ ಇರುತ್ತದೆ. ಆ ಫೋಟೋಗಳನ್ನು ಅಳಿಸಿ, ಆಮೇಲೆ ಪಾಸ್‌ವರ್ಡ್ ಕೊಡು. ಕಂಠಪ್ಪನವರು ಈ ತಿಂಗಳ ಕೊನೆಯವರೆಗೆ ಮಾತ್ರ ಕಾಯುತ್ತಾರೆ.

ನಿನ್ನ
ಶಾಂಭವಿ ಮೇಡಂ


ನೆಲ್ಲಿಮಾಳ ಹಾಡಿ
19 ಮೇ 2025

ಪೂಜ್ಯ ಮೇಡಂ ಅವರಿಗೆ, ನಮಸ್ಕಾರ.

ಈ ಪತ್ರವನ್ನು ಮೂರು ಸಲ ಬರೆದು ಹರಿದಿದ್ದೇನೆ.

ಹೋದ ಸಲ ನಾಚಿಕೆಯಿಂದ ಬಿಟ್ಟದ್ದು ಇದು. ನಮ್ಮ ಹಾಡಿಯಲ್ಲಿ ಪತ್ರವನ್ನು ಗಟ್ಟಿಯಾಗಿ ಓದುತ್ತಾರೆ. ಪೋಸ್ಟಿನ ನಂಜಣ್ಣ ಅದನ್ನು ಅಂಗನವಾಡಿಯಲ್ಲಿ ಕೊಡುತ್ತಾರೆ, ವಿಮಲಮ್ಮ ಟೀಚರ್ ಹೊರಗೆ ಮರದಡಿ ಕೂತು ಓದುತ್ತಾರೆ, ಇದ್ದವರೆಲ್ಲ ಬಂದು ಕೇಳುತ್ತಾರೆ. ಓದು ಬರದ ಊರಿನಲ್ಲಿ ಪತ್ರ ಎಂದರೆ ಪಡಿತರದ್ದೋ, ಅರಣ್ಯ ಇಲಾಖೆಯದ್ದೋ, ಅದು ಎಲ್ಲರಿಗೂ ಸೇರಿದ್ದೇ ಆಗಿರುತ್ತಿತ್ತು. ಒಬ್ಬರಿಗೇ ಬರುವ ಪತ್ರವೂ ಇರುತ್ತದೆಂದು ಯಾರಿಗೂ ತೋಚಲಿಲ್ಲ. ನಿಮ್ಮ ಮೊದಲ ಪತ್ರವನ್ನೂ ಹಾಗೇ ಓದಿದ್ದರು. ಅದನ್ನು ನಿಮಗೆ ತಿಳಿಸಿದ್ದರೆ ಎರಡನೆಯದನ್ನು ನೀವು ಹಾಗೆ ಬರೆಯುತ್ತಿರಲಿಲ್ಲ.

ಎರಡನೆಯದು ಬಂದ ದಿನ ನಾನು ಅಜ್ಜಿಯ ಜೊತೆ ಸೊಪ್ಪು ಕೀಳಲು ಹೋಗಿದ್ದೆ. ಬರುವಷ್ಟರಲ್ಲಿ ವಿಮಲಮ್ಮ ಟೀಚರ್ “ಹಸಿರು ಚೌಕಳಿ ಅಂಗಿ” ಎನ್ನುವಲ್ಲಿಗೆ ಬಂದಿದ್ದರು.

“ಅದು ನಮ್ ಅರುಣನ ಅಂಗಿ ಕಣ್ಲಾ!” ಎಂದ ನಮ್ಮ ಚಿಕ್ಕಪ್ಪ ಸುರೇಶ. “ಅವನ್ಗಿರಾದೇ ಎರಡಂಗಿ. ಇನ್ನೊಂದು ಕೆಂಪು.”

“ಅರುಣನ್ ಫೋಟೋ ಸವಿತಾ ಯಾಕ್ ತೆಗೆದ್ಲು?” ಎಂದರು ಅಪ್ಪ. ಮುಖ ಗಂಟಿಕ್ಕಿತ್ತು.

“ಅವ್ಳು ಆಸ್ಟೆಲ್ಲಾಗಿದ್ಲಲ್ಲಣ್ಣ. ಅವ್ಳೆಂಗೆ ತೆಗೀತಾಳೆ?”

ಅಜ್ಜಿ ಚಿಕ್ಕಮಾದಿ ಸೊಪ್ಪಿನ ಗಂಟು ಕೆಳಗಿಟ್ಟು, “ನಾವೆಲ್ಲಾ ಬಳ್ಸೋ ಫೋನು ದಿನಾ ಯಾರ್ ಕೈಲಿರ್ತದೆ? ರೇಣುಕನ್ ಕೈಲಿ. ಇದ್ಕೂ ಪೋಲೀಸ್ನೋರು ಬರ್ಬೇಕಾ?” ಎಂದಳು.

ರೇಣುಕಾ ನನ್ನ ದೊಡ್ಡಪ್ಪನ ಮಗಳು. ಒಳಗೆ ಓಡಿದಳು. ಅರುಣ ಅಲ್ಲೇ ನಿಂತಿದ್ದವನು ಕೊಡಲಿ ಬಿಟ್ಟು ಓಡಿದ. ಸಂಜೆಗೆ ಇಬ್ಬರೂ ಇರಲಿಲ್ಲ.

ಹೆದರಬೇಡಿ. ನಮ್ಮಲ್ಲಿ ಅದೇ ಮದುವೆ. ಓಡಿಹೋದವರು ಮೂರು ದಿನ ಕಾಡಿನಲ್ಲಿದ್ದು ಬರುತ್ತಾರೆ, ಹಾಡಿಯ ಯಜಮಾನರು ಚಾಪೆಯ ಮೇಲೆ ಕೂರಿಸಿ ಎರಡು ಮಾತು ಬೈದು ಎಲೆಅಡಿಕೆ ಕೊಡಿಸುತ್ತಾರೆ. ಆಮೇಲೆ ಊಟ. “ನಿಮ್ ಮೇಡಮ್ಮಾರೇ ನಮ್ ಮದ್ವೆ ಮಾಡ್ಸಿದ್ರು ಅಂತ ಬರಿ” ಎಂದು ರೇಣುಕಾ ನಿಮಗೆ ಕೈಮುಗಿದಿದ್ದಾಳೆ. ಅದನ್ನು ಬರೆದಿದ್ದೇನೆ.

ಈಗ ಖಾತೆಯ ವಿಷಯ. ಹಾಡಿಯಲ್ಲಿ ಹದಿಮೂರು ಮನೆ, ಎಲ್ಲರಿಗೂ ಸೇರಿ ಒಂದು ಹಳೆಯ ಫೋನು. ಅದು ಮೊದಲು ನನ್ನದಾಗಿತ್ತು, ಹಾಸ್ಟೆಲಿಗೆ ಬರುವಾಗ ಬಿಟ್ಟು ಬಂದೆ. ಅದರಲ್ಲಿ ಇವತ್ತಿಗೂ ನನ್ನ ಖಾತೆಯೇ ಇದೆ. ಇಲ್ಲಿ ಯಾರು ಫೋಟೋ ತೆಗೆದರೂ ನನ್ನ ಖಾತೆಗೆ ಬರುತ್ತದೆ. ಹದಿಮೂರು ಮನೆಯ ಆಧಾರ್, ರೇಷನ್ ಕಾರ್ಡು, ಅರಣ್ಯ ಹಕ್ಕಿನ ಅರ್ಜಿಗಳು, ಕೊಪ್ಪದ ಕಡೆ ಕಾಫಿ ತೋಟಕ್ಕೆ ಕೂಲಿ ಹೋದವರು ಮನೆಗೆ ರೆಕಾರ್ಡು ಮಾಡಿ ಕಳಿಸಿದ ಮಾತು, ಎಲ್ಲ ಅಲ್ಲೇ. ನನ್ನದೊಂದು ಪಾಸ್‌ವರ್ಡ್ ಕೊಟ್ಟರೆ ಹದಿಮೂರು ಮನೆಯನ್ನೂ ಕೊಟ್ಟಂತೆ. ಮೊದಲ ಸಲ ಬರೆದುಕೊಟ್ಟಾಗ ನನಗಿದು ಹೊಳೆಯಲಿಲ್ಲ. ನಮ್ಮ ಮನೆಗಳಿಗೆ ಬೀಗವಿಲ್ಲ, ಕೇಳಿದ್ದನ್ನು ಕೊಟ್ಟು ಅಭ್ಯಾಸ.

ಯುಗಾದಿಯ ದಿನ ನೆಟ್‌ವರ್ಕ್ ಸಿಗುವ ದಿಣ್ಣೆ ಹತ್ತಿದೆ. ಫೋನಿಗೆ ಒಂದು ಸೂಚನೆ ಬಂದು ಕಾದಿತ್ತು. ಹುಣಸೂರಿನಲ್ಲಿ ಹೊಸ ಕಂಪ್ಯೂಟರಿನಿಂದ ಯಾರೋ ನಿಮ್ಮ ಖಾತೆ ತೆರೆದಿದ್ದಾರೆ, ಅದು ನೀವೇನಾ ಎಂದು ಕೇಳಿತ್ತು. ಅಲ್ಲ, ನಾನಲ್ಲ ಎಂದು ಒತ್ತಿದೆ. ಹಾಗಾದರೆ ಪಾಸ್‌ವರ್ಡ್ ಬದಲಾಯಿಸಿ ಎಂದಿತು. ಬದಲಾಯಿಸಿದೆ. ತೆರೆದವರು ಕಂಠಪ್ಪನವರೇ ಇರಲಿ, ನೀವಾಗಿರುವುದು ಬೇಡ ಎಂದು ಒಂದು ತಿಂಗಳು ಅಂದುಕೊಳ್ಳುತ್ತಿದ್ದೆ, ಹಿಂದಿರುಗಲು ಧೈರ್ಯವಾಗಲಿಲ್ಲ.

ಬರೆಯಬಾರದಿತ್ತೇನೋ, ಬರೆದೆ.

ನಿಮ್ಮ ಮೊದಲ ಪತ್ರ ಓದಿದ ಮೇಲೆ ಹಾಡಿಯವರೆಲ್ಲ ಸೇರಿದ್ದರು. ಎಲ್ಲರದ್ದೂ ಒಂದೇ ಮಾತು. “ಕೊಟ್ಬುಡು ಮಗ. ಕಾಮಾಲೆಲಿ ಸಾಯ್ತಿದ್ದೋಳ್ನ ಉಳಿಸ್ಕೊಟ್ಟವ್ಳೆ ಆ ತಾಯಿ. ಅವ್ಳಿಗಿಲ್ಲ ಅಂತೀಯಾ?” ಬೇಡ ಎಂದವಳು ನಾನೊಬ್ಬಳೇ. ಅಪ್ಪನಿಗೆ ಸಿಟ್ಟು ಬಂತು.

“ನಮ್ದೇನೈತಮ್ಮಿ ಮುಚ್ಚಿಡಾಕೆ? ಬಾಗ್ಲೇ ಇಲ್ಲ. ಒಂದ್ ಮಾತ್ಗೆ ಓದು ಬುಟ್ಬುಡ್ತೀಯಾ?”

ಅಜ್ಜಿ ಬೀಡಿ ಆರಿಸಿ ಕೇಳಿದಳು. “ಜೇನಿಗೆ ಒಂಟೋನ್ನ ಎಲ್ಲಿಗ್ಲಾ ಅಂತ ಯಾವತ್ತಾರ ಕೇಳಿದ್ದೀಯ ನೀನು?”

“ಅದೆಂಗ್ ಕೇಳಾದವ್ವ? ಕೇಳ್ಬಾರ್ದು.”

“ಅವನೇನ್ ಕದಿಯಾಕ್ ಓಯ್ತಾನಾ?”

“ಇಲ್ಲ. ಆದ್ರೂ ಕೇಳ್ಬಾರ್ದು.”

“ಅಂಗೇ ಇದೂವೆ. ಬುಡು.”

ಅಪ್ಪನ ಸಿಟ್ಟು ಇಳಿಯಿತು. ಜೇನು ನೋಡಿಟ್ಟವನು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ನಮ್ಮಲ್ಲಿ ಬೀಗವಿಲ್ಲ ಮೇಡಂ, ಆದರೆ ಕೇಳಬಾರದ ಮಾತುಗಳಿವೆ.

ನಮ್ಮದು ಹೇಗೋ ಎಲೆಅಡಿಕೆಯಲ್ಲಿ ಮುಗಿಯಿತು. ಆ ನೋಟ್‌ಬುಕ್ಕಿನಲ್ಲಿ ಇನ್ನೂ ನಲವತ್ತೊಂದು ಜನ ಇದ್ದಾರೆ. ಅದರಲ್ಲಿ ಒಬ್ಬಳ ಖಾತೆಯಲ್ಲಿ ಏನಿದೆ ಎಂದು ನನಗೆ ಗೊತ್ತು, ಅವಳೇ ಹೇಳಿದ್ದಾಳೆ. ತಪ್ಪೇನೂ ಅಲ್ಲ. ಆದರೆ ಅವಳ ಮನೆಯವರ ಕಿವಿಗೆ ಬಿದ್ದರೆ ಮಾರನೆಯ ದಿನವೇ ಅವಳನ್ನು ಕರೆದುಕೊಂಡು ಹೋಗುತ್ತಾರೆ. ಅವಳ ಊರಿನಲ್ಲಿ ಕಾಡಿಗೆ ಹೋಗಿ ಮೂರು ದಿನಕ್ಕೆ ಬರುವ ಪದ್ಧತಿ ಇಲ್ಲ. ಹೆಸರು ಬರೆಯುವುದಿಲ್ಲ. ನೀವು ಒಳ್ಳೆಯವರೆಂದು ಅವಳಿಗೂ ಗೊತ್ತು. ಆದರೂ ರಾತ್ರಿ ಅವಳಿಗೆ ನಿದ್ದೆಯಿಲ್ಲ.

ಹೊಸ ಪಾಸ್‌ವರ್ಡ್ ಕೊಡುವುದಿಲ್ಲ ಮೇಡಂ. ಪರೀಕ್ಷೆಯನ್ನೂ ಬರೆಯಬೇಕು. ಎರಡೂ ಆಗುವ ದಾರಿ ನನಗೆ ಕಾಣುತ್ತಿಲ್ಲ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಲು ಎರಡು ದಿನ ಪ್ರಯತ್ನಿಸಿದೆ, ಗಂಜಿಯ ನೆನಪು ಅಡ್ಡ ಬಂತು.

ನಿಮ್ಮ
ಸವಿತಾ

ಈಗ ನನ್ನ ಹೆಸರಿನ ಪತ್ರವನ್ನು ನನ್ನ ಕೈಗೇ ಕೊಡಬೇಕೆಂದು ಅಜ್ಜಿ ನಂಜಣ್ಣನವರಿಗೆ ಹೇಳಿದ್ದಾಳೆ. ವಿಮಲಮ್ಮ ಟೀಚರಿಗೆ ಸ್ವಲ್ಪ ಬೇಸರವಾಗಿದೆ.


ಹುಣಸೂರು
31 ಮೇ 2025

ಪ್ರೀತಿಯ ಸವಿತಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ರೇಣುಕಾ ಅರುಣರ ಭಾಗ ಓದಿ ಒಬ್ಬಳೇ ಗಟ್ಟಿಯಾಗಿ ನಕ್ಕೆ. ದಿಣ್ಣೆಯ ಭಾಗಕ್ಕೆ ಬಂದಾಗ ಕನ್ನಡಕ ತೆಗೆದಿಟ್ಟೆ.

ನಾನು ಎಂ.ಎ. ಮುಗಿಸಿದ ವರ್ಷ ನನಗೆ ಬಂದ ಒಂದು ಪತ್ರವನ್ನು ಮನೆಯಲ್ಲಿ ಒಡೆದು ಓದಿದ್ದರು. ಆಮೇಲೆ ಅನ್ನದ ಅಗುಳು ಹಚ್ಚಿ ಲಕೋಟೆಯನ್ನು ಮತ್ತೆ ಅಂಟಿಸಿ, ಏನೂ ಆಗದವರಂತೆ ನನ್ನ ಕೈಗಿಟ್ಟರು. ಒಳಗಿದ್ದದ್ದು ಒಂದು ಪದ್ಯ, ಅಷ್ಟೇ. ಯಾರೂ ಬೈಯಲಿಲ್ಲ. ಆದರೆ ಆ ಪದ್ಯವನ್ನು ನನ್ನದೆಂದು ಓದಿಕೊಳ್ಳಲು ಮತ್ತೆ ಆಗಲೇ ಇಲ್ಲ. ಅದನ್ನು ಅನುಭವಿಸಿದವಳೇ ನಿನ್ನ ಖಾತೆ ತೆರೆದೆ. ನನ್ನದು ಕಾಳಜಿ, ಅವರದು ಅನುಮಾನ ಎಂದು ಇಷ್ಟು ದಿನ ಬೇರೆಬೇರೆ ಇಟ್ಟುಕೊಂಡಿದ್ದೆ. ಅವರೂ ಅದನ್ನು ಕಾಳಜಿ ಎಂದೇ ಕರೆದಿದ್ದರೆಂದು ಈಗ ನೆನಪಾಗುತ್ತಿದೆ.

ಆ ಇನ್ನೊಬ್ಬ ಹುಡುಗಿ ಯಾರೆಂದು ನಾನು ಊಹಿಸಲು ಹೋಗಲಿಲ್ಲ. ಇದು ಸುಳ್ಳು. ಊಹಿಸಲು ಶುರುಮಾಡಿ ಮೂರನೆಯ ಹೆಸರಿಗೆ ನಿಲ್ಲಿಸಿದೆ.

ಕೋರ್ಟಿನ ಹತ್ತಿರ ಉಚಿತ ಕಾನೂನು ನೆರವು ಕೊಡುವ ವಕೀಲರು ಕಿರಣ್‌ಕುಮಾರ್ ಅಂತ. ಅವರ ಬಳಿ ಹೋಗಿ ನಾನು ಮಾಡಿದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, “ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿ ಏಳೆಂಟು ವರ್ಷ ಆಯ್ತು ಮೇಡಂ. ಹಾಸ್ಟೆಲ್ ಬಾಗಿಲಲ್ಲಿ ಬಿಟ್ಟು ಒಳಗೆ ಬನ್ನಿ ಅನ್ನೋಕೆ ಅದೇನು ಚಪ್ಪಲೀನಾ?” ಎಂದರು. ಪಾಸ್‌ವರ್ಡ್ ಕೊಡಲಿಲ್ಲವೆಂದು ವಿದ್ಯಾರ್ಥಿನಿಯ ಸೀಟು ಕಸಿಯುವಂತಿಲ್ಲ ಎಂದು ಟ್ರಸ್ಟಿಗೆ ಒಂದು ಪುಟದ ಪತ್ರ ಬರೆದುಕೊಟ್ಟರು.

ಹೋದ ಭಾನುವಾರ ತಿಂಡಿ ಆದ ಮೇಲೆ ಎಲ್ಲರನ್ನೂ ಊಟದ ಹಾಲಿನಲ್ಲೇ ಕೂರಿಸಿದೆ. ನಿಮ್ಮ ಪಾಸ್‌ವರ್ಡ್ ಬರೆಸಿಕೊಂಡದ್ದು ನನ್ನ ತಪ್ಪು, ಈಗಲೇ ಇಲ್ಲೇ ಬದಲಾಯಿಸಿಕೊಳ್ಳಿ ಎಂದೆ. ಯಾರೂ ಅಲುಗಾಡಲಿಲ್ಲ. ಇದೂ ಒಂದು ಪರೀಕ್ಷೆಯೇನೋ ಎಂಬಂತೆ ನೋಡುತ್ತಿದ್ದರು. ಕೊನೆಗೆ ಬೆಟ್ಟದಪುರದ ಲಕ್ಷ್ಮಿದೇವಿ ಕೈಯೆತ್ತಿ, “ಹೊಸದನ್ನೂ ನಿಮಗೆ ತೋರಿಸ್ಬೇಕಾ ಮೇಡಂ?” ಎಂದು ಕೇಳಿದಳು. “ಬೇಡಮ್ಮ. ನಾನೇ ಆ ಕಡೆ ತಿರುಗಿಕೊಳ್ತೀನಿ” ಎಂದು ಗೋಡೆಗೆ ಮುಖ ಮಾಡಿ ನಿಂತೆ. ನೆಟ್‌ವರ್ಕ್ ನಿಧಾನ, ಮುಕ್ಕಾಲು ಗಂಟೆ ಹಿಡಿಯಿತು. ಸಣ್ಣತಾಯಮ್ಮ ಒಳಗಿನಿಂದ ಬಂದವಳು, “ಇದೇನ್ರವ್ವಾ, ವಾರ್ಡನಮ್ಮಾರೇ ಗ್ವಾಡೆ ಕಡೆ ತಿರುಗಿ ನಿಂತವ್ರೆ! ಶಿಕ್ಷೆ ಕೊಟ್ಟಿದ್ದೀರೇನು?” ಎಂದಳು. ಆಗ ನೋಡು, ಹಾಲಿಡೀ ನಕ್ಕಿತು. ಆ ನಗುವಿಗೆ ನಾನು ಎಷ್ಟು ಋಣಿಯಾದೆನೆಂದು ಅವರಿಗೆ ಗೊತ್ತಿಲ್ಲ.

ಮಾರನೆಯ ದಿನ ಕಂಠಪ್ಪನವರು ಬಂದು ನೋಟ್‌ಬುಕ್ ಕೇಳಿದರು. ಕೊಟ್ಟೆ. ನಾಲ್ಕೈದು ಹೆಸರು ಹಾಕಿ ನೋಡಿದರು.

“ಇದ್ಯಾಕ್ರೀ ಮೇಡಂ, ಒಂದೂ ಓಪನ್ ಆಗ್ತಿಲ್ಲ?”

“ಆಗಲ್ಲ ಸಾರ್. ಎಲ್ಲರೂ ಬದಲಾಯಿಸಿದ್ದಾರೆ.”

“ಯಾರ್ ಹೇಳಿದ್ದು ಬದ್ಲಾಯ್ಸಕ್ಕೆ?”

“ನಾನೇ.”

“ನೀವೇನು ವಾರ್ಡನ್ನೋ ಇಲ್ಲಾ ಹುಡ್ಗೀರ ಲೀಡ್ರೋ? ನಾನೂ ಎರಡು ಹೆಣ್ಮಕ್ಕಳ ತಂದೆ ಕಣ್ರೀ. ಒಳ್ಳೇದಕ್ಕೇ ಕೇಳಿದ್ದು.”

“ನಾನೂ ಒಳ್ಳೇದಕ್ಕೇ ಬರೆಸಿಕೊಂಡಿದ್ದು ಸಾರ್. ನಿಮ್ಮ ಮೊಬೈಲ್ ಒಂದು ದಿನ ನನ್ನ ಹತ್ತಿರ ಬಿಟ್ಟು ಹೋಗ್ತೀರಾ? ಒಳ್ಳೇದಕ್ಕೇ.”

ಅವರ ಕೈ ತಾನಾಗಿ ಅಂಗಿಯ ಜೇಬಿನ ಮೇಲೆ ಹೋಯಿತು. ಕೆಟ್ಟವರಲ್ಲ ಅವರು. ಆ ಕೈಯನ್ನು ಅವರೇ ಒಂದು ಗಳಿಗೆ ನೋಡಿಕೊಂಡರು. ಆಮೇಲೆ ವಕೀಲರ ಪತ್ರವನ್ನು ತೆಗೆದುಕೊಂಡು ಹೋದರು.

ಗುರುವಾರ ಟ್ರಸ್ಟಿನ ಸಮಿತಿ ಸೇರಿತು. ನಿನ್ನ ಸೀಟು ನಿನಗೇ. ಯಾವ ಷರತ್ತೂ ಇಲ್ಲ, ಬರವಣಿಗೆಯಲ್ಲೇ ಕೊಟ್ಟಿದ್ದಾರೆ. ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜೂನ್ ಹನ್ನೆರಡಕ್ಕೆಲ್ಲ ಬಂದುಬಿಡು. ನೀನು ಬರುವ ಹೊತ್ತಿಗೆ ನಾನು ಇಲ್ಲಿ ಇರಲಿಕ್ಕಿಲ್ಲ, ಸ್ವಲ್ಪ ರಜೆ. ಅದರ ಬಗ್ಗೆ ಯೋಚಿಸಬೇಡ, ಓದಿಕೋ.

ನಿನ್ನ
ಶಾಂಭವಿ


ನೆಲ್ಲಿಮಾಳ ಹಾಡಿ
7 ಜೂನ್ 2025

ಪೂಜ್ಯ ಮೇಡಂ ಅವರಿಗೆ,

ನಂಜಣ್ಣ ಪತ್ರ ನನ್ನ ಕೈಗೇ ಕೊಟ್ಟರು. ಒಬ್ಬಳೇ ದಿಣ್ಣೆಗೆ ಹೋಗಿ ಕೂತು ಓದಿದೆ. ಆಮೇಲೆ ಕೆಳಗೆ ಬಂದು ನಾನೇ ಎಲ್ಲರಿಗೂ ಓದಿ ಹೇಳಿದೆ, ಅನ್ನದ ಅಗುಳಿನ ಭಾಗ ಒಂದನ್ನು ಬಿಟ್ಟು. ಅದು ನನಗೆ ಬರೆದದ್ದು.

ನೀವು ಗೋಡೆಗೆ ಮುಖ ಮಾಡಿ ನಿಂತದ್ದನ್ನು ಎರಡು ಸಲ ಓದಿಸಿದರು. “ದೊಡ್ಡೋರು ತೆಪ್ಪು ಅಂತ ಒಪ್ಕಂಡಿದ್ನ ನಾ ಕಂಡೇ ಇಲ್ಲ ಕಣಮ್ಮಿ” ಎಂದರು ಅಪ್ಪ.

ಹನ್ನೆರಡನೇ ತಾರೀಕು ಹೊರಡುತ್ತೇನೆ. ಅಜ್ಜಿಯ ಮಂಡಿ ಮೊದಲಿನಿಂದಲೂ ಹೀಗೆಯೇ ಇದೆ, ಮೊದಲ ಪತ್ರದಲ್ಲಿ ಅದನ್ನು ನೆಪ ಮಾಡಿದ್ದೆ. ಕ್ಷಮಿಸಿ. ರಜೆಯಲ್ಲಿ ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ. ನಿಮಗೆ ರಜೆ ಸಿಕ್ಕಿದ್ದು ಕೇಳಿ ಖುಷಿಯಾಯಿತು.

ಸವಿತಾ


ವಿದ್ಯಾರ್ಥಿನಿ ನಿಲಯ, ಹುಣಸೂರು
4 ಜುಲೈ 2025

ಮೇಡಂ,

ರಜೆ ಎಂದು ಬರೆದಿದ್ದಿರಿ.

ಬಂದ ದಿನ ನಿಮ್ಮ ಕೋಣೆಯಲ್ಲಿ ಬೇರೊಬ್ಬರು ಇದ್ದರು. ರಜೆ ಮುಗಿಸಿ ಮೇಡಂ ಯಾವಾಗ ಬರುತ್ತಾರೆ ಎಂದು ಅವರನ್ನೇ ಕೇಳಿದೆ. ಅವರು ಅಡುಗೆಮನೆಯ ಕಡೆ ಕೈತೋರಿಸಿದರು. ಅಡುಗೆಮನೆಗೆ ಹೋದೆ. “ನಿಂಗೊತ್ತಿಲ್ವಾ ಮಗ? ಅಮ್ಮೋರ್ನ ತೆಗೆದಾಕ್ಬುಟ್ರು. ಸೀಟು ನಿಂಗುಳೀತು, ಅವ್ರ್ ಕುರ್ಚಿ ಓಯ್ತು” ಎಂದಳು ಸಣ್ಣತಾಯಮ್ಮ. ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಇಬ್ಬರೂ ಅದರ ನೆಪದಲ್ಲಿ ಅತ್ತೆವು. ಖುಷಿಯಾಯಿತು ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಅಳಿಸಲಾದರೂ ನನಗೆ ನಿಮ್ಮ ವಿಳಾಸ ಬೇಕಿತ್ತು. ಅವಳೇ ಕೊಟ್ಟಳು.

ಮೊದಲೇ ಗೊತ್ತಿದ್ದರೆ ನಾನು ಬರುತ್ತಿರಲಿಲ್ಲ. ಅದಕ್ಕೇ ನೀವು ಹೇಳಲಿಲ್ಲ ಎಂದೂ ತಿಳಿದಿದೆ. ಹಾಗಾಗಿ ಅಳುತ್ತ ಕೂರಲಿಲ್ಲ, ಓದಿದೆ. ಎಲ್ಲ ಪರೀಕ್ಷೆ ಬರೆದೆ. ಕನ್ನಡ ಬಹಳ ಚೆನ್ನಾಗಿ ಆಯಿತು, ಅರ್ಥಶಾಸ್ತ್ರ ಪಾಸಾಗುವಷ್ಟು. ನಿನ್ನೆ ಕೊನೆಯದು ಮುಗಿಸಿ ಹೊರಬಂದಾಗ ಯಾರಿಗೆ ಹೇಳಬೇಕೆಂದು ತಿಳಿಯದೆ ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತಿದ್ದೆ. ಲಕ್ಷ್ಮಿದೇವಿ ಬಂದು ಕೈ ಹಿಡಿದುಕೊಂಡಳು. “ಮೇಡಂಗೆ ಬರೀತೀಯಲ್ಲ, ನಂದೂ ಒಂದು ಸಾಲು ಬರಿ. ನಾನು ಈಗ ನಿದ್ದೆ ಮಾಡ್ತೀನಿ ಅಂತ” ಎಂದಳು. ಇದನ್ನು ಬರೆಯಬಹುದು ಎಂದು ಅವಳೇ ಹೇಳಿದ್ದಾಳೆ.

ಅಕ್ಕಿ ಬದಲಾಗಿದೆ, ಹುಳು ಇಲ್ಲ. ವಿಡಿಯೋ ತೆಗೆದವರು ಯಾರೆಂದು ನನಗೆ ಈಗ ತಿಳಿದಿದೆ, ಅವರೇ ಹೇಳಿದರು. ನಲವತ್ತೆರಡು ಹುಡುಗಿಯರಲ್ಲಿ ಒಬ್ಬರೂ ಅಲ್ಲ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ಥ್ಯಾಂಕ್ಸ್ ಎಂದು ಬರೆದರೆ ಸಣ್ಣದಾಗುತ್ತದೆ. ನಮ್ಮ ಭಾಷೆಯಲ್ಲಿ ಅದಕ್ಕೆ ಪದವೇ ಇಲ್ಲ, ಮನೆಗೆ ಹೋಗಿ ಎದುರಿಗೆ ಕೂರುತ್ತೇವೆ, ಅಷ್ಟೇ. ಹದಿಮೂರರ ಭಾನುವಾರ ನೀವಿರುವ ಮಿರ್ಲೆಗೆ ಬರಲೇ? ಅಪ್ಪನೂ ಬರುತ್ತಾರಂತೆ. ಮಿರ್ಲೆ ಎಲ್ಲಿದೆಯೆಂದು ಇಬ್ಬರಿಗೂ ಗೊತ್ತಿಲ್ಲ.

ನಿಮ್ಮ
ಸವಿತಾ


ಮಿರ್ಲೆ, ಸಾಲಿಗ್ರಾಮ ತಾಲ್ಲೂಕು
9 ಜುಲೈ 2025

ಪ್ರೀತಿಯ ಸವಿತಾ,

ಬಾ. ಇಬ್ಬರೂ ಬನ್ನಿ.

ಹುಣಸೂರಿನಿಂದ ಕೆ.ಆರ್. ನಗರದ ಬಸ್ಸು ಹತ್ತಿ. ಅಲ್ಲಿ ಇಳಿದು ಮಿರ್ಲೆಯ ಬೋರ್ಡಿರುವ ಬಸ್ಸು ಕೇಳಿ. ಬಸ್ ನಿಲ್ದಾಣದ ಹತ್ತಿರ ನಾನೇ ಬಂದು ನಿಂತಿರುತ್ತೇನೆ.

ನನ್ನ ಬಗ್ಗೆ ನೊಂದುಕೊಳ್ಳಬೇಡ. ಚಿಕ್ಕಮ್ಮನ ಮನೆಯ ಹೊರಕೋಣೆ ನನಗೆ ಸಿಕ್ಕಿದೆ, ಕಿಟಕಿಯಿಂದ ಭತ್ತದ ಗದ್ದೆ ಕಾಣುತ್ತದೆ, ನಾಲೆಗೆ ನೀರು ಬಿಟ್ಟಿದ್ದಾರೆ. ಸಾಲಿಗ್ರಾಮದ ಒಂದು ಶಾಲೆಯಲ್ಲಿ ಪಾಠಕ್ಕೆ ಕರೆದಿದ್ದಾರೆ. ಹನ್ನೊಂದು ವರ್ಷ ವಾರ್ಡನ್ ಆಗಿದ್ದೆ, ಅದರಲ್ಲಿ ನಾನು ಸರಿಯಾಗಿ ಕೆಲಸ ಮಾಡಿದ್ದು ಗೋಡೆ ನೋಡುತ್ತ ನಿಂತ ಆ ಮುಕ್ಕಾಲು ಗಂಟೆ ಎಂದು ಒಮ್ಮೊಮ್ಮೆ ಅನಿಸುತ್ತದೆ. ಅದನ್ನು ಕಲಿಸಿದವಳು ನೀನು. ಎದುರಿಗೆ ಬಂದು ಕೂರಬೇಕಾದವಳು ನಾನೇ. ನೀನು ಬರುತ್ತಿದ್ದೀಯೆ.

ಲಕ್ಷ್ಮಿದೇವಿಯ ಸಾಲನ್ನು ಓದಿದೆ. ಅದರ ಹಿಂದೆ ಏನಿದೆಯೆಂದು ಕೇಳುವುದಿಲ್ಲ. ವಿಡಿಯೋದ ವಿಷಯವನ್ನೂ ಕೇಳುವುದಿಲ್ಲ. ಪರೀಕ್ಷೆ ಹೇಗಾಯಿತೆಂದು ನೀನೇ ಬರೆದಿದ್ದೀಯೆ. ನಿನ್ನನ್ನು ಕೇಳಲು ಈಗ ನನ್ನ ಬಳಿ ಉಳಿದಿರುವುದು ಒಂದೇ ಪ್ರಶ್ನೆ: ಮಧ್ಯಾಹ್ನಕ್ಕೆ ಮುದ್ದೆಯೋ, ಅನ್ನವೋ? ಅದನ್ನೂ ಮುಂಚೆ ಬರೆದು ತಿಳಿಸಬೇಕಾಗಿಲ್ಲ. ಎರಡಕ್ಕೂ ಎಸರಿಟ್ಟಿರುತ್ತೇನೆ.

ಶಾಂಭವಿ